ಕಾಯಕದಲ್ಲಿ ಅವಧಾನ

ಈಚಿನ ವರ್ಷಗಳಲ್ಲಿ ದೊಡ್ಡ ಪಟ್ಟಣಗಳ ಕಚೇರಿಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಎಂಬ ಶಬ್ದವು ಮೇಲಿಂದ ಮೇಲೆ ಕೇಳಿಬರುತ್ತಿದೆ. ಉದ್ಯೋಗಿಗಳನ್ನು ಒಂದೆಡೆ ಕೂಡಿಸಿ, ಉಸಿರಾಟವನ್ನು ಗಮನಿಸುವಂತೆಯೂ, ಮಾಡುತ್ತಿರುವ ಕೆಲಸವೊಂದರಲ್ಲಿಯೇ ಮನಸ್ಸನ್ನು ನಿಲ್ಲಿಸುವಂತೆಯೂ, ಬಂದ ಯೋಚನೆಗಳನ್ನು ಮೆಚ್ಚದೆ ಹಳಿಯದೆ ಸುಮ್ಮನೆ ಕಾಣುವಂತೆಯೂ ಕಲಿಸುವ ಶಿಕ್ಷಣಕ್ಕೆ ಈ ಹೆಸರು. ಕನ್ನಡದಲ್ಲಿ ಇದನ್ನು ಸಾವಧಾನತೆ, ಅವಧಾನ, ಮನದೆಚ್ಚರ ಮುಂತಾಗಿ ಕರೆಯುತ್ತಿದ್ದಾರೆ. ವಚನ ಸಾಹಿತ್ಯದ ಅಭ್ಯಾಸಿಗಳು ಇದನ್ನು ಕೇಳಿದೊಡನೆ ‘ಇದು ನಮ್ಮ ಶರಣರು ಎಂದೋ ಹೇಳಿದ್ದು’ ಎನ್ನುವುದುಂಟು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಸಾರಿ ಕೈತೊಳೆದುಕೊಳ್ಳುವುದು ಭಕ್ತಿಗೆ ಸುಲಭವಾದರೂ ವಿದ್ವತ್ತಿಗೆ ಶೋಭಿಸುವುದಿಲ್ಲ. ದುಡಿಯುವವನ ಮನಸ್ಸಿನಿಂದ ಶರಣರು ಅಪೇಕ್ಷಿಸಿದ್ದೇನು, ಈ ಹೊಸ ಶಿಕ್ಷಣವು ಅಪೇಕ್ಷಿಸುವುದೇನು, ಇವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಮೂಲಗಳನ್ನು ಮುಂದಿಟ್ಟುಕೊಂಡು ನೋಡಬೇಕು. ಪ್ರಕೃತ ಲೇಖನದ ಉದ್ದೇಶ ಅಷ್ಟೆ.

ಮೊದಲು ಶಬ್ದದ ಚರಿತ್ರೆ. ಪಾಳಿ ಭಾಷೆಯ ‘ಸತಿ’ ಎಂಬ ಪದಕ್ಕೆ 1881ರಲ್ಲಿ ರೀಸ್ ಡೇವಿಡ್ಸ್ ಅವರು ತಮ್ಮ ಬೌದ್ಧ ಸೂತ್ರಗಳ ಇಂಗ್ಲಿಷ್ ಭಾಷಾಂತರದಲ್ಲಿ ‘ಮೈಂಡ್‌ಫುಲ್‌ನೆಸ್’ ಎಂಬ ಪದವನ್ನು ಬಳಸಿದರು. ಅಲ್ಲಿಂದ ಅದು ರೂಢಿಗೆ ಬಂದಿತು. ‘ಸತಿ’ ಎಂದರೆ ಸಂಸ್ಕೃತದ ‘ಸ್ಮೃತಿ’ಯೇ, ಧಾತ್ವರ್ಥದಿಂದ ನೆನಪು. ಬೌದ್ಧ ವ್ಯಾಖ್ಯಾನಕಾರರು ಅದನ್ನು ಮರೆವಿಲ್ಲದಿರುವಿಕೆ ಎಂದು ವಿವರಿಸುತ್ತಾರೆ. ನಮ್ಮ ವಚನಕಾರರು ಪದೇ ಪದೇ ಎದುರುಬದುರಾಗಿ ನಿಲ್ಲಿಸುವ ‘ಅರಿವು’ ಮತ್ತು ‘ಮರವೆ’ ಎಂಬ ಜೋಡಿಯನ್ನು ಬಲ್ಲ ವಿದ್ಯಾರ್ಥಿಗೆ ಇದು ಅಪರಿಚಿತವೆನಿಸದು. ಸತಿಪಟ್ಠಾನ ಸುತ್ತದಲ್ಲಿ ಭಿಕ್ಷುವು ನಡೆಯುವಾಗ, ತಿರುಗಿ ನೋಡುವಾಗ, ಕೈ ಮಡಿಸುವಾಗ, ಚಾಚುವಾಗ, ಉಣ್ಣುವಾಗ, ಮಾತನಾಡುವಾಗ, ಮೌನದಲ್ಲಿರುವಾಗ ಸಹ ಅದನ್ನು ಬಲ್ಲವನಾಗಿರಬೇಕೆಂದು ವಿಧಿಸಿದೆ. ಆದರೆ ಇಲ್ಲೊಂದು ಅಂಶವನ್ನು ಗಮನಿಸಬೇಕು. ಆ ಉಪದೇಶವು ಭಿಕ್ಷೆಯಿಂದ ಬದುಕುವವನಿಗೆ ಹೇಳಿದ್ದು, ದಿನಗೂಲಿಗೆ ಹೋಗುವವನಿಗಲ್ಲ. ಜೀವನೋಪಾಯದ ಪ್ರಶ್ನೆಯನ್ನು ಬುದ್ಧನು ಬಿಟ್ಟಿದ್ದನೆಂದಲ್ಲ. ಅಷ್ಟಾಂಗಮಾರ್ಗದಲ್ಲಿ ಸಮ್ಯಕ್ ಸ್ಮೃತಿಯು 7ನೆಯ ಅಂಗವಾದರೆ, ಸಮ್ಯಕ್ ಆಜೀವವು, ಎಂದರೆ ಹೊಟ್ಟೆಗಾಗಿ ಮಾಡುವ ಉದ್ಯೋಗವು ಶುದ್ಧವಾಗಿರಬೇಕೆಂಬುದು, 5ನೆಯ ಅಂಗ.

ಆಧುನಿಕ ಕಚೇರಿಗೆ ಬಂದಿರುವುದು 7ನೆಯ ಅಂಗ. 5ನೆಯದು ಬಾಗಿಲ ಹೊರಗೆ ನಿಂತಿದೆ. ಹೀಗಾದುದಕ್ಕೆ ಕಾರಣವಿದೆ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಎಂಬ ವಿಜ್ಞಾನಿಯು ದೀರ್ಘಕಾಲದ ನೋವಿನಿಂದ ನರಳುವ ರೋಗಿಗಳಿಗಾಗಿ ಕೆಲವು ವಾರಗಳ ಒಂದು ಶಿಕ್ಷಣವನ್ನು ರೂಪಿಸಿದರು. ಆಸ್ಪತ್ರೆಗೆ ಬರುವವರು ನಾನಾ ಮತದವರಾದುದರಿಂದ ಅದರಿಂದ ಮತಧರ್ಮದ ಸೋಂಕನ್ನು ತೆಗೆದಿರಿಸಿದರು. ರೋಗಿಯ ದೃಷ್ಟಿಯಿಂದ ಇದು ವಿವೇಕದ ಕೆಲಸವೇ ಸರಿ. ಅಲ್ಲಿಂದ ಅದು ಶಾಲೆಗೆ, ಸೈನ್ಯಕ್ಕೆ, ಕಚೇರಿಗೆ ಹಬ್ಬಿತು. 2007ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರ್ ಚೇಡ್-ಮೆಂಗ್ ಟ್ಯಾನ್ ಅವರು ತಮ್ಮ ಸಹೋದ್ಯೋಗಿಗಳಿಗಾಗಿ ಇಂತಹುದೇ ಶಿಕ್ಷಣವನ್ನು ಆರಂಭಿಸಿದರು. 2015ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನ ಸದಸ್ಯರ ಗುಂಪೊಂದು ಈ ವಿಷಯವಾಗಿ ಪ್ರಕಟಿಸಿದ ವರದಿಯಲ್ಲಿ ಕೆಲಸದ ಸ್ಥಳಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿತು. ಈ ಭಾಗದ ಇತಿಹಾಸ ಇಷ್ಟು ಸಾಕು. ನಮಗೆ ಮುಖ್ಯವಾದುದು ಬೇರೆಯಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ಬರೋಣ. ಶರಣರ ಹೆಸರುಗಳ ಹಿಂದೆ ಅವರ ಕೆಲಸಗಳು ನಿಂತಿವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ, ಒಕ್ಕಲಿಗ ಮುದ್ದಣ್ಣ, ಬೊಕ್ಕಸದ ಚಿಕ್ಕಣ್ಣ. ಇವರಲ್ಲಿ ಯಾರೂ ಅರಿವನ್ನು ಅರಸಿ ತಮ್ಮ ಹಾಯಿಗೋಲನ್ನಾಗಲಿ, ಬಟ್ಟೆಯ ಗಂಟನ್ನಾಗಲಿ ಕೆಳಗಿಟ್ಟು ಕಾಡಿಗೆ ಹೋದವರಲ್ಲ. ‘ಕಾಯಕ’ ಎಂಬ ಶಬ್ದದಲ್ಲಿಯೇ ಕಾಯವಿದೆ. ಮೈ ಬಗ್ಗಿಸಿ ಮಾಡುವ ಕೆಲಸದಲ್ಲಿ ಮನಸ್ಸು ಎಲ್ಲಿರಬೇಕೆಂಬುದು ಅವರಿಗೆ ದಿನದಿನದ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯು ಎಲ್ಲಕ್ಕಿಂತ ಸ್ಪಷ್ಟವಾಗಿ ಎದ್ದುಕಾಣುವುದು ಆಯ್ದಕ್ಕಿ ಮಾರಯ್ಯ ಮತ್ತು ಶರಣೆ ಲಕ್ಕಮ್ಮನವರ ಪ್ರಸಂಗದಲ್ಲಿ.

ಈ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಅವರ ಅಂಕಿತದಲ್ಲಿಯೂ ಆ ದೈವದ ಹೆಸರಿದೆ. ಮಾರಯ್ಯನ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ನಮ್ಮ ತಾಯಂದಿರು ಮೊರ ಹಿಡಿದು ಅಕ್ಕಿ ಹಸನು ಮಾಡುವುದನ್ನು ಕಂಡವರಿಗೆ ಈ ಕೆಲಸದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಕಣ್ಣು ಬೇರೆಡೆ ಹೋದರೆ ಕಲ್ಲು ಅಕ್ಕಿಯಲ್ಲಿ ಉಳಿಯುತ್ತದೆ. ಕೈ ಅವಸರಪಟ್ಟರೆ ಅಕ್ಕಿ ಕಲ್ಲಿನೊಡನೆ ಹೋಗುತ್ತದೆ. ಮೊರದಲ್ಲಿಯೇ ಹೀಗಿರುವಾಗ ನೆಲದ ಧೂಳಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಒಂದೊಂದೇ ಕಾಳನ್ನು ಎತ್ತುವವನ ಕಷ್ಟವನ್ನು ಊಹಿಸಬಹುದು. ಅವಧಾನವನ್ನು ಬೇರೆಯಾಗಿ ಕಲಿಸಬೇಕಾದ ಅಗತ್ಯವೇ ಇಲ್ಲದ ಕೆಲಸವಿದು. ಕೆಲಸವೇ ಅವಧಾನವನ್ನು ಕಲಿಸುತ್ತದೆ.

ಕಾಯಕವನ್ನೂ ಕೈಲಾಸವನ್ನೂ ಒಂದೆಂದು ಸಾರಿದ ಸುಪ್ರಸಿದ್ಧ ವಚನವು ಈ ಮಾರಯ್ಯನದು. ಅದನ್ನು ಬಸವಣ್ಣನವರದೆಂದು ಭಾಷಣಗಳಲ್ಲಿ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ವಿದ್ಯಾರ್ಥಿಗಳು ಇದನ್ನು ತಿದ್ದಿಕೊಳ್ಳಬೇಕು. ಆ ವಚನದ ಕೊನೆಯ ಭಾಗವನ್ನು ಎಲ್ಲರೂ ಬಲ್ಲರು. ಮೊದಲ ಭಾಗವನ್ನು ಓದುವವರು ವಿರಳ. ಕೆಲಸದಲ್ಲಿ ತೊಡಗಿದವನನ್ನು ಗುರುವಿನ ಭೇಟಿಯಾಗಲಿ, ಲಿಂಗದ ಅರ್ಚನೆಯಾಗಲಿ, ಬಂದು ನಿಂತ ಜಂಗಮವಾಗಲಿ ಕದಲಿಸಬಾರದೆಂಬ ಕಠಿಣವಾದ ಭಾವ ಅಲ್ಲಿದೆ. ಮರವೆಯನ್ನು ಶತ್ರುವೆಂದು ಬಗೆದ ಶರಣ ಸಮುದಾಯದಲ್ಲಿಯೇ ಒಬ್ಬನು, ಕಾಯಕದ ಹೊತ್ತಿನಲ್ಲಿ ಅತ್ಯಂತ ಪವಿತ್ರವಾದುದನ್ನು ಸಹ ಮರೆಯಬೇಕೆನ್ನುತ್ತಾನೆ! ಕೆಲಸದ ಒಳಗೆ ಹೊಕ್ಕ ಮನಸ್ಸಿಗೆ ಹೊರಗಿನದೆಲ್ಲ ಮರೆತುಹೋಗುವ ಏಕಾಗ್ರತೆಯನ್ನು ಇದಕ್ಕಿಂತ ಬಲವಾಗಿ ಹೇಳಿದ ಮಾತು ನನಗೆ ತಿಳಿದಂತೆ ಇನ್ನೊಂದಿಲ್ಲ.

ಆದರೆ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಇದೇ ಮಾರಯ್ಯನು ಅಲ್ಲಮಪ್ರಭುಗಳೊಡನೆ ಕಾಯಕದ ವಿಷಯವಾಗಿಯೇ ಸಂವಾದಕ್ಕೆ ತೊಡಗುತ್ತಾನೆ. ಪ್ರಭುದೇವರ ಮಾತಿನ ಸೆಳೆತಕ್ಕೆ ಸಿಕ್ಕಿ ಹೊತ್ತು ಹೋದುದನ್ನು ಅರಿಯದೆ ಕುಳಿತುಬಿಡುತ್ತಾನೆ. ಕಾಯಕದ ಹಿರಿಮೆಯನ್ನು ಕುರಿತು ಮಾತನಾಡುತ್ತಾ ಕಾಯಕವನ್ನೇ ಮರೆಯುತ್ತಾನೆ. ಆಗ ಲಕ್ಕಮ್ಮನವರು ಬಂದು ಕೆಲಸ ನಿಂತುಹೋಗಿದೆ, ಏಳಬೇಕೆಂದು ಎಚ್ಚರಿಸುತ್ತಾರೆ. ಎಚ್ಚರಿಸುವ ಆ ವಚನದಲ್ಲಿ ಗಂಡನ ಮೇಲಣ ಗೌರವಕ್ಕೆ ಕೊರತೆಯಿಲ್ಲ. ಆದರೆ ಮಾತಿಗೆ ಮೆದುವಿಲ್ಲ. ಸಂಪಾದನಾಕಾರನು ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿರಿಸಿದ ಜಾಣ್ಮೆಯನ್ನು ಮೆಚ್ಚಬೇಕು. ಕೆಲಸವನ್ನು ಕುರಿತ ಉಪನ್ಯಾಸದಲ್ಲಿ ಕುಳಿತು ಕೆಲಸವನ್ನು ಮರೆಯುವುದು ನಮ್ಮ ಕಾಲದ ಕಚೇರಿಗಳಿಗೂ ಹೊಸದಲ್ಲ.

ಎಚ್ಚೆತ್ತ ಮಾರಯ್ಯನು ಅಂಗಳಕ್ಕೆ ಧಾವಿಸಿ ಅಕ್ಕಿಯನ್ನು ಆಯ್ದು ತರುತ್ತಾನೆ. ಅಂದು ತಂದುದು ವಾಡಿಕೆಗಿಂತ ಹೆಚ್ಚು. ಲಕ್ಕಮ್ಮನವರು ಅದನ್ನು ಕಂಡೊಡನೆ ಗುರುತಿಸುತ್ತಾರೆ. ಗಂಡನ ಮನಸ್ಸು ಎಲ್ಲಿ ಜಾರಿತೆಂದು ವಿಚಾರಿಸುತ್ತಾರೆ. ಇಂತಹ ಆಸೆ ಅರಸುಗಳಿಗೆ ತಕ್ಕುದೇ ಹೊರತು ಭಕ್ತರಿಗಲ್ಲವೆಂಬ ಭಾವದ ಮಾತುಗಳಿಂದ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾರೆ. ಬಡವರ ಮನೆಯಲ್ಲಿ ಒಂದು ಹಿಡಿ ಹೆಚ್ಚು ಅಕ್ಕಿ ಬಂದಾಗ ಗೃಹಿಣಿಯು ಸಂತೋಷಪಡುವುದು ಲೋಕರೂಢಿ. ಇಲ್ಲಿ ಆ ಹಿಡಿಯೇ ಆಪತ್ತಾಗಿ ಕಂಡಿತು.

ಈ ಪ್ರಸಂಗವನ್ನು ಅತ್ಯಾಶೆಯ ನಿಷೇಧಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ನಾನು ಗಮನಿಸಬಯಸುವುದು ಇನ್ನೊಂದು ಅಂಶ. ಮಾರಯ್ಯನ ಏಕಾಗ್ರತೆಗೆ ಅಂದು ಏನೂ ಕುಂದು ಬಂದಿರಲಿಲ್ಲ. ಕಳೆದ ಹೊತ್ತನ್ನು ತುಂಬಿಕೊಡಬೇಕೆಂಬ ಆತುರದಲ್ಲಿ ಅವನು ಎಂದಿಗಿಂತ ಹೆಚ್ಚು ತದೇಕಚಿತ್ತನಾಗಿಯೇ ಕಾಳುಗಳನ್ನು ಆಯ್ದಿರಬೇಕು. ಕಣ್ಣು ಕಾಳಿನ ಮೇಲಿತ್ತು, ಕೈ ಕಣ್ಣಿನೊಡನಿತ್ತು. ಆದರೂ ಅವನು ತಪ್ಪಿದನೆಂದು ಲಕ್ಕಮ್ಮನವರ ತೀರ್ಪು. ಎಷ್ಟು ಬೇಕು, ಯಾರದನ್ನು ತೆಗೆಯುತ್ತಿದ್ದೇನೆ, ಏಕೆ ತೆಗೆಯುತ್ತಿದ್ದೇನೆ ಎಂಬುದು ಅವನ ಅವಧಾನದಿಂದ ಹೊರಗುಳಿದಿತ್ತು. ಏಕಾಗ್ರತೆಯೊಂದೇ ಕಾಯಕವನ್ನು ಶುದ್ಧಗೊಳಿಸುವುದಾದರೆ ಕನ್ನಗಳ್ಳನಿಗಿಂತ ಹೆಚ್ಚು ಅವಧಾನಿ ಯಾರು? ಶರಣರು ‘ಸತ್ಯಶುದ್ಧ ಕಾಯಕ’ವೆಂದು ವಿಶೇಷಣ ಸೇರಿಸಿಯೇ ಹೇಳುವುದರ ಅರ್ಥವನ್ನು ಇಲ್ಲಿ ಹುಡುಕಬೇಕು. ಲಕ್ಕಮ್ಮನವರ ಎಚ್ಚರವು ಕೆಲಸದ ಕ್ಷಣವನ್ನು ದಾಟಿ ಕೆಲಸದ ಫಲದವರೆಗೂ, ಆ ಫಲವನ್ನು ಉಣ್ಣುವ ಬಾಯಿಯವರೆಗೂ ಹೋಗುತ್ತದೆ. ನಿತ್ಯವೂ ಅಳೆದು ಅಡುಗೆ ಮಾಡುವವರ ಕಣ್ಣಳತೆ ಅವರದು. ಆದುದರಿಂದಲೇ ಹೆಚ್ಚಾದುದು ಒಡನೆಯೇ ಕಂಡಿತು.

ಇಲ್ಲಿ ಚರಿತ್ರೆಯ ದೃಷ್ಟಿಯಿಂದ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಶೂನ್ಯಸಂಪಾದನೆಯ ಸಂಕಲನಗಳು 15ನೆಯ ಶತಮಾನದಲ್ಲಿ ಆರಂಭವಾದವು. ಗೂಳೂರು ಸಿದ್ಧವೀರಣ್ಣೊಡೆಯರದು ಅವುಗಳಲ್ಲಿ ಕೊನೆಯದು. ಎಂದರೆ ಕಲ್ಯಾಣದ ಘಟನೆಗಳಿಗೂ ಈ ನಿರೂಪಣೆಗೂ ನಡುವೆ ಮುನ್ನೂರು ವರ್ಷಗಳಿಗೂ ಮೀರಿದ ಅಂತರವಿದೆ. ಬಿಡಿ ವಚನಗಳನ್ನು ಸಂವಾದವಾಗಿ ಪೋಣಿಸಿದ ಸೂತ್ರವು ಸಂಪಾದಕರದು. ಆದುದರಿಂದ ಅಂದು ಅಂಗಳದಲ್ಲಿ ಹೀಗೆಯೇ ನಡೆಯಿತೆಂದು ಇತಿಹಾಸಕಾರನು ಪ್ರಮಾಣ ಮಾಡಲಾರ. ಆದರೆ ವಚನಗಳಿವೆ. ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಕಾಲದಿಂದ, 1993ರಲ್ಲಿ ಸರಕಾರವು 15 ಸಂಪುಟಗಳ ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿದವರೆಗೆ ನಡೆದ ಸಂಶೋಧನೆಯು ಈ ದಂಪತಿಗಳ ವಚನಗಳನ್ನು ನಮ್ಮ ಕೈಗಿತ್ತಿದೆ. ಹೆಚ್ಚು ತಂದ ಅಕ್ಕಿಯ ಮಾತು ಲಕ್ಕಮ್ಮನವರ ವಚನದಲ್ಲಿಯೇ ಇದೆ. ಅದು ಸಂಪಾದಕರ ಕಲ್ಪನೆಯಲ್ಲ.

ಕೆಲಸದ ಸ್ಥಳವೆಂದು ಹೇಳುವಾಗ ಇನ್ನೊಂದು ಪ್ರಸಂಗವನ್ನು ಬಿಡುವಂತಿಲ್ಲ. ಅದು ಸೊನ್ನಲಿಗೆಯ, ಇಂದಿನ ಸೊಲ್ಲಾಪುರದ, ಕೆರೆಯ ಏರಿಯ ಮೇಲೆ ನಡೆಯುತ್ತದೆ. ಸಿದ್ಧರಾಮರು ಕೆರೆ ತೋಡಿಸುತ್ತಿದ್ದಾರೆ, ಗುಡಿ ಕಟ್ಟಿಸುತ್ತಿದ್ದಾರೆ. ಮಣ್ಣು ಹೊರುವವರು, ಕಲ್ಲು ಒಡೆಯುವವರು ಗುಂಪುಗುಂಪಾಗಿ ದುಡಿಯುತ್ತಿದ್ದಾರೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ‘ನಿಮ್ಮ ಒಡ್ಡರಾಮನೆಲ್ಲಿ’ ಎಂಬ ಧಾಟಿಯಲ್ಲಿ ವಿಚಾರಿಸುತ್ತಾರೆ. ತಮ್ಮ ಗುರುವನ್ನು ಹೀಗೆ ಕರೆದುದಕ್ಕಾಗಿ ಕೆಲಸಗಾರರು ಸಿಟ್ಟಾಗಿ ಕಲ್ಲು ತೂರುತ್ತಾರೆ. ಲೋಕಕ್ಕೆ ನೀರು ಕೊಡುವ ಪುಣ್ಯಕಾರ್ಯದಲ್ಲಿ ತೊಡಗಿದ ಮಹಾನುಭಾವರನ್ನು ಪ್ರಭುಗಳು ಹೀಗೇಕೆ ಕೆಣಕಿದರು? ಪರೋಪಕಾರದ ಕೆಲಸವೂ ‘ನಾನು ಮಾಡಿಸುತ್ತಿದ್ದೇನೆ’ ಎಂಬ ಭಾವದಿಂದ ಮನಸ್ಸನ್ನು ಹೊರಗೇ ಉಳಿಸಿಬಿಡಬಲ್ಲುದೆಂಬುದನ್ನು ಕಾಣಿಸಲು. ಮುಂದೆ ಸಿದ್ಧರಾಮರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದ ವೃತ್ತಾಂತವು ವಾಚಕರಿಗೆ ತಿಳಿದುದೇ.

ಮಾರಯ್ಯನಿಗೆ ಅರಿವಿನ ಮಾತನ್ನು ಕೇಳುತ್ತಾ ಕಾಯಕ ಮರೆಯಿತು. ಸಿದ್ಧರಾಮರಿಗೆ ಕಾಯಕದ ಭರದಲ್ಲಿ ಅರಿವು ಮರೆಯಿತು. ಇವೆರಡೂ ಒಂದೇ ಗ್ರಂಥದಲ್ಲಿರುವುದು ಆಕಸ್ಮಿಕವಲ್ಲ. ಆದರೂ ಪ್ರಭುಗಳು ಕೆರೆಯನ್ನು ಮುಚ್ಚಿಸಲಿಲ್ಲವೆಂಬುದನ್ನೂ ಹೇಳಬೇಕು. ಸೊಲ್ಲಾಪುರದ ಕೆರೆಯೂ ಅದರ ನಡುವಣ ಸಿದ್ಧೇಶ್ವರನ ಗುಡಿಯೂ ಇಂದಿಗೂ ಇವೆ; ಸಂಕ್ರಾಂತಿಯ ಜಾತ್ರೆಗೆ ಕನ್ನಡಿಗರೂ ಮರಾಠಿಗರೂ ಅಲ್ಲಿ ಕೂಡುತ್ತಾರೆ.

ಶರಣರ ಕಾಲಕ್ಕೆ ಸಮೀಪದಲ್ಲಿ ಇಂತಹ ವಿಚಾರವು ಬೇರೆ ದೇಶದಲ್ಲಿ ಹುಟ್ಟಿರಲಿಲ್ಲವೇ ಎಂದು ಜಿಜ್ಞಾಸುಗಳು ಕೇಳಬಹುದು. ಹುಟ್ಟಿತ್ತು, ಅದೂ ಅಕ್ಕಿಯ ಸುತ್ತಲೇ. ಜಪಾನಿನ ಜೆನ್ ಗುರು ಡೋಗೆನ್ 1237ರಲ್ಲಿ ಮಠದ ಅಡುಗೆಯವನಿಗಾಗಿ ಒಂದು ಪುಟ್ಟ ಗ್ರಂಥವನ್ನು ಬರೆದನು. ತರುಣನಾಗಿದ್ದಾಗ, 1223ರಲ್ಲಿ, ಅವನು ಚೀನಾ ದೇಶಕ್ಕೆ ಹೋಗಿದ್ದನು. ಹಡಗು ಬಂದರಿನಲ್ಲಿ ನಿಂತಿದ್ದಾಗ 61 ವರ್ಷದ ವೃದ್ಧ ಸನ್ಯಾಸಿಯೊಬ್ಬನು ಅಣಬೆ ಕೊಳ್ಳಲು ಅಲ್ಲಿಗೆ ಬಂದನು. ಅವನು ದೂರದ ಮಠವೊಂದರ ಅಡುಗೆಯ ಮೇಲ್ವಿಚಾರಕ. ರಾತ್ರಿ ಉಳಿದು ಧರ್ಮದ ಮಾತನಾಡಬಹುದಲ್ಲ, ಅಡುಗೆಗೆ ಬೇರೆ ಯಾರಾದರೂ ಇರಬಹುದಲ್ಲ ಎಂದು ಡೋಗೆನ್ ಕೇಳಿದರೆ, ಆ ವೃದ್ಧನು ನಕ್ಕು, ಈ ಹುಡುಗನಿಗೆ ಸಾಧನೆಯೆಂದರೇನೆಂದು ಇನ್ನೂ ತಿಳಿದಿಲ್ಲವೆಂಬಂತೆ ಹೇಳಿ ತನ್ನ ಒಲೆಯ ಕಡೆಗೆ ಹೊರಟುಹೋದನು. ಪ್ರಭುದೇವರ ಮಾತಿನಲ್ಲಿ ಮೈಮರೆತ ಮಾರಯ್ಯನನ್ನು ಎಬ್ಬಿಸಿದ ಲಕ್ಕಮ್ಮನವರು ಈ ವೃದ್ಧನನ್ನು ಕಂಡಿದ್ದರೆ ಮೆಚ್ಚುತ್ತಿದ್ದರೆಂದು ನನ್ನ ಭಾವನೆ. ಅಕ್ಕಿ ತೊಳೆಯುವಾಗ ಮರಳನ್ನೂ ಅಕ್ಕಿಯನ್ನೂ ಒಟ್ಟಿಗೇ ನೋಡಬೇಕು, ಒಂದು ಕಾಳನ್ನೂ ವ್ಯರ್ಥಮಾಡಬಾರದು ಎಂದು ಡೋಗೆನ್ ವಿಧಿಸುತ್ತಾನೆ. ಅವನಿಗಿಂತ ಬಹು ಹಿಂದಿನ ಚೀನಾದ ಗುರು ಬೈಝಾಂಗನ ಕಥೆಯಂತೂ ನಮ್ಮ ಪುರಾತನರ ಕಥೆಗಳ ನಡುವೆ ಸೇರಿಸಿದರೂ ಹೊರಗಿನದೆನಿಸದು. ವೃದ್ಧಾಪ್ಯದಲ್ಲಿಯೂ ಹೊಲದಲ್ಲಿ ದುಡಿಯುತ್ತಿದ್ದ ಅವನ ಮೇಲಣ ಕನಿಕರದಿಂದ ಶಿಷ್ಯರು ಅವನ ಸಲಕರಣೆಗಳನ್ನು ಬಚ್ಚಿಟ್ಟರಂತೆ. ದುಡಿಯದ ಆ ದಿನ ಅವನು ಉಣ್ಣಲಿಲ್ಲವಂತೆ.

ಇವು ಪರಸ್ಪರ ಪ್ರಭಾವದಿಂದ ಹುಟ್ಟಿದವೆಂದು ಹೇಳಲು ಯಾವ ಆಧಾರವೂ ಇಲ್ಲ. ಹಾಗೆ ಹೇಳುವ ಚಾಪಲ್ಯವೂ ಬೇಡ. ವ್ಯತ್ಯಾಸವೂ ಸಣ್ಣದಲ್ಲ. ಡೋಗೆನ್ನನ ಅಡುಗೆಯವನು ಮಠದ ಸನ್ಯಾಸಿ. ಅವನ ಒಲೆಗೆ ಅಕ್ಕಿ ಬರುವುದು ದಾನದಿಂದ. ಮಾರಯ್ಯನು ಸಂಸಾರಿ, ಅವನ ಒಲೆಗೆ ಅಕ್ಕಿ ಬರುವುದು ಅವನ ಬೆರಳ ತುದಿಯಿಂದ. ದುಡಿಯುವವನೂ, ಉಣ್ಣುವವನೂ, ದಾಸೋಹ ಮಾಡುವವನೂ ಒಬ್ಬನೇ ಆದಾಗ ಅವಧಾನದ ಭಾರವು ಹೆಚ್ಚುತ್ತದೆ.

ನುಲಿಯ ಚಂದಯ್ಯನವರ ಕಥೆಯು ಈ ಭಾರವನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ನಡೆಸುವುದು ಅವರ ನೇಮ. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯನವರು ಹುಡುಕಲಿಲ್ಲ, ತಾನಾಗಿ ಹೋದುದು ಹೋಗಲೆಂದು ಹುಲ್ಲಿನ ಹೊರೆ ಹೊತ್ತು ನಡೆದರು. ಲಿಂಗವೇ ಅವರ ಬೆನ್ನುಹತ್ತಿ ಬಂದಿತು, ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಂಧಾನ ಮಾಡಬೇಕಾಯಿತು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಭಕ್ತರಿಗೆ ಇದು ದಿಗ್ಭ್ರಮೆ ಹುಟ್ಟಿಸುವ ಕಥೆ. ಚಂದಯ್ಯನವರ ನಿಲುವು ಮಾತ್ರ ನೇರವಾದುದು. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ, ಕಾಯಕದ ಕಟ್ಟಿಗೆ ಹೊರತಾದವರು ಯಾರೂ ಇಲ್ಲ. ಅಧಿಕಾರಿಯು ಕೂಲಿಯವನಿಗೆ ಅವಧಾನವನ್ನು ಬೋಧಿಸಿ ತಾನು ಅದರಿಂದ ತಪ್ಪಿಸಿಕೊಳ್ಳುವ ಅವಕಾಶವನ್ನು ಈ ನಿಲುವು ಕೊಡುವುದಿಲ್ಲ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನವರು ಲಂಚಕ್ಕೆ ಕೈಯೊಡ್ಡೆನೆಂದೂ, ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂದೂ ಆಣೆಯಿಟ್ಟು ಹೇಳಿದುದನ್ನು ಇದರೊಡನೆ ಓದಿಕೊಳ್ಳಬೇಕು. ಕಸ ಗುಡಿಸುವವರ ಕಣ್ಣು ದಿನವೆಲ್ಲ ನೆಲದ ಮೇಲೆಯೇ ಇರುತ್ತದೆ. ಬಿದ್ದುದು ಮೊದಲು ಕಾಣುವುದು ಅವರಿಗೇ.

ಇನ್ನು ನಮ್ಮ ಕಾಲದ ಮಾತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಉದ್ಯೋಗದ ಬಳಲಿಕೆಯನ್ನು, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಒತ್ತಡದಿಂದ ಕೆಲಸದ ಸ್ಥಳದಲ್ಲಿ ಹುಟ್ಟುವ ಸ್ಥಿತಿಯೆಂದು ತನ್ನ ರೋಗವರ್ಗೀಕರಣದಲ್ಲಿ ವಿವರಿಸಿತು. ಅದನ್ನು ರೋಗವೆಂದು ಕರೆಯಲಿಲ್ಲ. 2022ರಲ್ಲಿ ಅದೇ ಸಂಸ್ಥೆಯು ಹೊರಡಿಸಿದ ಮಾರ್ಗದರ್ಶನದಲ್ಲಿ ಅತಿಯಾದ ಕೆಲಸದ ಹೊರೆ, ಕೆಟ್ಟ ನಡವಳಿಕೆ ಮುಂತಾದವನ್ನು ಸಂಸ್ಥೆಗಳೇ ಸರಿಪಡಿಸಬೇಕೆಂದು ಸೂಚಿಸಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಎಂಬ ಸಂಶೋಧಕರು ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಮಾಹಿತಿಯನ್ನು ಪರಿಶೀಲಿಸಿ 2024ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದ್ದಾರೆ. ಅವಧಾನ ಶಿಕ್ಷಣ, ಒತ್ತಡ ನಿವಾರಣೆ ಮುಂತಾದ, ವ್ಯಕ್ತಿಯ ಮನಸ್ಸನ್ನಷ್ಟೇ ತಿದ್ದಲು ಹೊರಟ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ನೆಮ್ಮದಿಯಾಗಿದ್ದುದು ಅವರಿಗೆ ಕಂಡುಬರಲಿಲ್ಲ. ಇದೊಂದೇ ಅಧ್ಯಯನದಿಂದ ಎಲ್ಲವೂ ನಿರ್ಣಯವಾಯಿತೆನ್ನಲಾಗದು. ನೋವಿನಿಂದ ನರಳುವವರಿಗೆ, ಚಿಂತೆಯಿಂದ ಕುದಿಯುವವರಿಗೆ ಅವಧಾನದ ಅಭ್ಯಾಸವು ಸಾಂತ್ವನ ಕೊಟ್ಟುದೂ ಉಂಟು. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ನಾಲ್ವರ ಕೆಲಸವನ್ನು ಒಬ್ಬನ ಹೆಗಲಿಗೆ ಹೊರಿಸಿ, ಅವನು ಬಸವಳಿದಾಗ ಉಸಿರನ್ನು ಗಮನಿಸೆಂದು ಹೇಳುವುದು ಯಾವ ಅವಧಾನ? ಹೊರೆಯನ್ನು ಗಮನಿಸಬೇಕಾದವನು ಹೊರಿಸಿದವನಲ್ಲವೇ?

ಕನ್ನಡ ನಾಡಿನಲ್ಲಿ ಈ ಅಪಾಯಕ್ಕೆ ಇನ್ನೊಂದು ಮುಖವಿದೆ. ಅದು ನಮ್ಮವರಿಂದಲೇ ಬರುವುದು. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಪ್ರಸಿದ್ಧ ಉದ್ಯಮಿಯೊಬ್ಬರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಆ ಚರ್ಚೆಯ ಗುಣದೋಷ ಇಲ್ಲಿ ಬೇಡ. ಕಾಯಕವೆಂದರೆ ಹೆಚ್ಚು ಹೊತ್ತು ದುಡಿಯುವುದೆಂದು ವ್ಯಾಖ್ಯಾನಿಸುವ ಭಾಷಣಗಳನ್ನು ನಮ್ಮ ಜಯಂತಿಗಳಲ್ಲಿಯೇ ನಾನು ಹಲವು ಸಲ ಕೇಳಿದ್ದೇನೆ. ಮಾರಯ್ಯನ ಅರ್ಧ ವಚನವನ್ನು ಗೋಡೆಗೆ ತೂಗುಹಾಕಿ, ಲಕ್ಕಮ್ಮನವರ ವಚನವನ್ನು ಕಪಾಟಿನಲ್ಲಿಟ್ಟುದರ ಫಲವಿದು. ಹೆಚ್ಚು ಆಯ್ದು ತಂದವನಿಗೆ ಆ ಮನೆಯಲ್ಲಿ ಪ್ರಶಂಸೆ ದೊರೆಯಲಿಲ್ಲ. ಹಿಂದಿರುಗಿಸಿ ಬಾ ಎಂಬ ಮಾತು ದೊರೆಯಿತು. ಕಾಯಕಕ್ಕೆ ಅಳತೆಯಿತ್ತು, ಆ ಅಳತೆಯನ್ನು ಕಾಯುವುದೇ ಎಚ್ಚರದ ಒಂದು ಭಾಗವಾಗಿತ್ತು. ಮೂವತ್ತೈದು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದವನಾಗಿ ಒಂದು ಮಾತು ಹೇಳಬಲ್ಲೆ. ಅರವತ್ತು ಮಕ್ಕಳ ಉತ್ತರ ಪತ್ರಿಕೆಗಳನ್ನು ಒಂದೇ ರಾತ್ರಿಯಲ್ಲಿ ತಿದ್ದಬೇಕೆಂದು ಆಜ್ಞೆಯಾದರೆ, ಮೊದಲ ಪತ್ರಿಕೆಯನ್ನು ಓದಿದ ಕಣ್ಣು ಕೊನೆಯದನ್ನು ಓದುವುದಿಲ್ಲ. ಅದು ಉಪಾಧ್ಯಾಯನ ಮನಸ್ಸಿನ ದೋಷವೆಂದು ಶಿಬಿರ ನಡೆಸಬಹುದು. ಪತ್ರಿಕೆಗಳನ್ನು ಇಬ್ಬರಿಗೆ ಹಂಚಲೂಬಹುದು.

ಕೊನೆಯದಾಗಿ, ಕದಿರ ರೆಮ್ಮವ್ವೆಯ ಒಂದು ವಚನವನ್ನು ಸಾಹಿತ್ಯ ವಿದ್ಯಾರ್ಥಿಗಳ ಗಮನಕ್ಕೆ ತರಬಯಸುತ್ತೇನೆ. ನೂಲುವ ಕಾಯಕದ ಈ ಶರಣೆಯ ವಚನಗಳು ದೊರೆತಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲೊಂದರಲ್ಲಿ ಆಕೆ ತನ್ನ ರಾಟೆಯ ಒಂದೊಂದು ಅಂಗವನ್ನೂ ಬಿಡಿಸಿ ಹೇಳುತ್ತಾಳೆ. ಅಡಿಯ ಹಲಗೆ, ನೆಟ್ಟ ಗೊಂಬೆ, ಇವುಗಳಲ್ಲಿ ದೇವತೆಗಳನ್ನು ಕಾಣುತ್ತಾಳೆ. ಕದಿರಿಗೆ ಮಾತ್ರ ಯಾವ ದೇವತೆಯ ಹೆಸರನ್ನೂ ಕೊಡದೆ ಅದನ್ನು ಅರಿವು ಎನ್ನುತ್ತಾಳೆ, ತಿರುಗಿಸುವ ಕೈಯನ್ನು ಭಕ್ತಿ ಎನ್ನುತ್ತಾಳೆ. ನೂಲುವುದನ್ನು ಬಲ್ಲವರಿಗೆ ಇದರ ಔಚಿತ್ಯ ಹೊಳೆಯುತ್ತದೆ. ರಾಟೆಯ ಚಕ್ರ ಎಷ್ಟೇ ದೊಡ್ಡದಿರಲಿ, ಎಳೆ ರೂಪುಗೊಳ್ಳುವುದು ಕದಿರಿನ ಮೊನೆಯಲ್ಲಿ. ಗಮನವು ಅಲ್ಲಿಂದ ಕದಲಿದರೆ ಎಳೆ ಹರಿಯುತ್ತದೆ. ಅವಧಾನವನ್ನು ಕುರಿತು ಇದಕ್ಕಿಂತ ನಿಖರವಾದ ರೂಪಕವನ್ನು ಕೆಲಸದ ಒಳಗಿನಿಂದಲೇ ತೆಗೆದುಕೊಟ್ಟ ವಚನ ನನಗೆ ಕಂಡಿಲ್ಲ.

ವ್ಯಾಖ್ಯಾನಕಾರರು ಸಾಮಾನ್ಯವಾಗಿ ಇಲ್ಲಿಯೇ ನಿಲ್ಲಿಸುತ್ತಾರೆ. ಆದರೆ ವಚನವು ಇನ್ನೂ ಮುಂದುವರಿಯುತ್ತದೆ. ನೂಲು ಸುತ್ತಿ ಕದಿರು ತುಂಬಿದ ಮೇಲೆ ರೆಮ್ಮವ್ವೆ ತನ್ನಿಂದ ಇನ್ನು ರಾಟೆ ತಿರುಗಿಸಲಾಗದೆಂದೂ, ಗಂಡನು ಹೊಡೆಯುವನೆಂದೂ ತನ್ನ ಗುಮ್ಮೇಶ್ವರನ ಮುಂದೆ ಅಳಲುತ್ತಾಳೆ. ಗಂಡನೆಂದರೆ ಲಿಂಗಪತಿಯೆಂದು ಅಧ್ಯಾತ್ಮದ ಅರ್ಥವನ್ನು ಹಚ್ಚಲು ಅಡ್ಡಿಯಿಲ್ಲ. ಬೆಡಗಿನ ವಚನಗಳಿಗೆ ಹಾಗೆ ಅರ್ಥ ಹೇಳುವ ಸಂಪ್ರದಾಯವಿದೆ. ಆದರೂ ದಿನವಿಡೀ ಕುಳಿತು ನೂತ ಹೆಂಗಸೊಬ್ಬಳ ತೋಳಿನ ಸೋಲೂ, ಸಂಜೆ ಮನೆಯಲ್ಲಿ ಕಾದಿರುವ ಏಟಿನ ಭಯವೂ ಆ ಮಾತಿನಲ್ಲಿ ಕೇಳಿಸುತ್ತವೆ. ಅರಿವನ್ನು ಕದಿರಾಗಿ ಕಂಡವಳೇ ತನ್ನ ದಣಿವನ್ನೂ ಕಂಡಳು, ಅದನ್ನು ಅದೇ ವಚನದಲ್ಲಿ ಹೇಳಿದಳು. ಸಂಕಲನಕಾರರು ಆ ಸಾಲನ್ನು ಬಿಡದೆ ನಮ್ಮವರೆಗೆ ದಾಟಿಸಿದರು.